ಹಳೆ ಗೆಜ್ಜೆ, ಹೊಸ ಕಾಲು: ಬೇಸಿಗೆ ಕುಣಿತಕ್ಕೆ ಹತ್ತು ಸೂತ್ರಗಳು

ಬ್ಯಾಲೆ ನರ್ತಕಿಯರು ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಹಾಕಿಕೊಳ್ಳುವ ಪಾಯಿಂಟ್ ಶೂ ಬಹಳ ಬೇಗ ಸಾಯುತ್ತದೆ. ಅವರು ಹೇಳುವುದೂ ಹಾಗೆಯೇ, ಶೂ ಸತ್ತಿತು ಎಂದು. ಬಟ್ಟೆ, ಕಾಗದ, ಅಂಟು ಸೇರಿಸಿ ಪದರಪದರವಾಗಿ ಗಟ್ಟಿ ಮಾಡಿದ ಅದರ ಮೂತಿ ಬೆವರಿಗೆ ಮೆತ್ತಗಾಗುತ್ತದೆ. ದೊಡ್ಡ ತಂಡದ ಮುಖ್ಯ ನರ್ತಕಿಯ ಒಂದು ಜೊತೆ ಒಂದೇ ರಾತ್ರಿಗೆ ಮುಗಿದುಹೋಗುವುದೂ ಉಂಟು. ಒಬ್ಬಳ ಪಾದಕ್ಕೆ ಪಳಗಿದ ಶೂ ಇನ್ನೊಬ್ಬಳಿಗೆ ಆಗುವುದಿಲ್ಲ. ಅದಕ್ಕೇ ನ್ಯೂಯಾರ್ಕ್ ಸಿಟಿ ಬ್ಯಾಲೆಯಂಥ ತಂಡಗಳು ಹಳೆ ಶೂಗಳಿಗೆ ನರ್ತಕಿಯ ಸಹಿ ಹಾಕಿಸಿ, ನೆನಪಿನ ಕಾಣಿಕೆಯಾಗಿ ಮಾರಿ ದುಡ್ಡು ಕೂಡಿಸುತ್ತವೆ.

ನಮ್ಮ ಗೆಜ್ಜೆಯ ಆಯುಷ್ಯ ದೊಡ್ಡದು. ದಾರ ಹರಿಯುತ್ತದೆ, ಪಟ್ಟಿ ಕೊಳೆಯುತ್ತದೆ, ಹಿತ್ತಾಳೆ ಮಾತ್ರ ಮೂರು ತಲೆಮಾರಿನ ಕಾಲು ಕಂಡರೂ ನುಡಿಯುತ್ತಲೇ ಇರುತ್ತದೆ. ಬೆಂಗಳೂರು, ಕಲಬುರಗಿ, ಹೈದರಾಬಾದಿನ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಹೋದ ಮಗಳ ಗೆಜ್ಜೆ ಕಪಾಟಿನ ಮೂಲೆಯಲ್ಲಿ ಸುಮ್ಮನೆ ಕೂತಿದೆ. ಇತ್ತ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್ ಕಡೆಯ ಹಳ್ಳಿಗಳಲ್ಲಿ ಕುಣಿಯಬೇಕೆಂಬ ಮಕ್ಕಳಿದ್ದಾರೆ, ಗೆಜ್ಜೆ ಕೊಳ್ಳುವ ದುಡ್ಡಿಲ್ಲ. 1956ರ ನವೆಂಬರ್ 1ರಂದು ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಯಿಂದಲೂ ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಇಲ್ಲಿನ ಎಷ್ಟೋ ಮನೆಗಳ ಒಲೆ ಮುಂದಿನ ಮಾತು ಇವತ್ತಿಗೂ ಕನ್ನಡ. ಆ ಕಪಾಟಿನ ಗೆಜ್ಜೆ ಈ ಮಕ್ಕಳ ಕಾಲಿಗೆ ಬರಬೇಕು. ಹೇಗೆ ಬರಬೇಕೆಂಬುದಕ್ಕೆ ಈ ಸೂತ್ರಗಳು.

1. ದಿನ ಮೊದಲು ಗೊತ್ತುಮಾಡಿ. ತೆಲಂಗಾಣದಲ್ಲಿ ಮಾರ್ಚ್ ನಡುವಿನಿಂದ ಅರ್ಧ ದಿನದ ಶಾಲೆ, ಏಪ್ರಿಲ್ ಕೊನೆಯ ವಾರದಿಂದ ರಜೆ, ಜೂನ್ 12ರ ಸುಮಾರಿಗೆ ಮತ್ತೆ ಶಾಲೆ. ಬಸವ ಜಯಂತಿ ಬರುವುದು ಅಕ್ಷಯ ತದಿಗೆಗೆ, ಅಂದರೆ ರಜೆ ಶುರುವಾಗುವ ಆಚೀಚೆ. ಆ ದಿನ ಕುಣಿಸಬೇಕೆಂದರೆ ಯುಗಾದಿಯಿಂದಲೇ ಸಂಜೆ ಅಭ್ಯಾಸ ಹಿಡಿಯಿರಿ. ಅಷ್ಟು ಬೇಗ ಆಗದಿದ್ದರೆ ಮೇ ತಿಂಗಳಿಡೀ ಕಲಿಸಿ, ಕಾರಹುಣ್ಣಿಮೆಯ ಹೊತ್ತಿಗೆ ಊರ ಮುಂದೆ ನಿಲ್ಲಿಸಿ. ಎರಡನ್ನೂ ಹಿಡಿಯಲು ಹೋದರೆ ಎರಡೂ ಕೈತಪ್ಪುತ್ತವೆ.

2. ಕೇಳುವುದನ್ನು ನಯವಾಗಿ ಕೇಳಿ. ಗೆಜ್ಜೆ ಹಳೆ ಬಟ್ಟೆಯ ಹಾಗಲ್ಲ. ಗುರುಗಳು ಪೂಜೆ ಮಾಡಿ ಕೈಗೆ ಕೊಟ್ಟದ್ದು, ಕಣ್ಣಿಗೆ ಒತ್ತಿಕೊಂಡು ಕಟ್ಟಿಕೊಂಡದ್ದು. ಕೊಡಲು ಮನಸ್ಸಾಗದವರನ್ನು ಎರಡನೇ ಸಲ ಕೇಳಬೇಡಿ. ಕೊಟ್ಟವರ ಹೆಸರನ್ನು ಪಟ್ಟಿಯ ಒಳಮೈಗೆ ಶಾಯಿಯಲ್ಲಿ ಬರೆದಿಡಿ. ಯಾರ ಗೆಜ್ಜೆ ಕಟ್ಟಿಕೊಂಡಿದ್ದೇನೆಂದು ಮಗುವಿಗೆ ತಿಳಿದಿರಲಿ, ಯಾರ ಕಾಲಿಗೆ ಹೋಯಿತೆಂದು ಕೊಟ್ಟವರಿಗೆ ಒಂದು ಫೋಟೋ ಹೋಗಲಿ.

3. ಊರಿನ ಹಿರಿಯರ ಜೊತೆ ಕುಳಿತು ಮಾತಾಡಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. “ಹೆಣ್ಮಕ್ಕಳ ಕಾಲಿಗಿ ಗೆಜ್ಜಿ ಯಾಕ್ರಿ ಅಕ್ಕೋರೆ?” ಎಂದು ಅಜ್ಜಿಯೊಬ್ಬರು ಕೇಳಿದರೆ ಆ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಈ ಸೀಮೆಯಲ್ಲಿ ಗೆಜ್ಜೆಯ ಹಿಂದೆ ಒಂದು ನೋವಿದೆ. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುತ್ತಿದ್ದರು, ತೆಲಂಗಾಣದ ಕಡೆ ಅವರನ್ನು ಜೋಗಿನಿ ಎಂದರು. ಕರ್ನಾಟಕ 1982ರಲ್ಲಿ, ಆಗಿನ ಆಂಧ್ರಪ್ರದೇಶ 1988ರಲ್ಲಿ ಕಾಯ್ದೆ ತಂದು ಇದನ್ನು ನಿಷೇಧಿಸಿದವು. ಕಾಯ್ದೆ ಬಂದರೂ ನೆನಪು ಹೋಗುವುದಿಲ್ಲ. ಅದಕ್ಕೆ ತಾಯಂದಿರನ್ನು ಅಭ್ಯಾಸಕ್ಕೆ ಕರೆಯಿರಿ, ಬಾಗಿಲು ತೆರೆದಿಡಿ, ಹುಡುಗರ ಕಾಲಿಗೂ ಗೆಜ್ಜೆ ಕಟ್ಟಿ. ಅಣ್ಣ ತಂಗಿ ಒಂದೇ ಸಾಲಿನಲ್ಲಿ ಹೆಜ್ಜೆ ಹಾಕುವುದನ್ನು ನೋಡಿದ ಮೇಲೆ ಆ ಅಜ್ಜಿಯೇ ಜಗಲಿಗೆ ಬಂದು ಕೂಡುತ್ತಾರೆ.

4. ಒಂದೊಂದೇ ಗೆಜ್ಜೆಯನ್ನು ಕಿವಿಗೆ ಹಿಡಿಯಿರಿ. ಬಂದ ಸರವನ್ನು ಹಾಗೇ ಕಟ್ಟಬೇಡಿ. ಕತ್ತರಿಯಿಂದ ಹಳೆ ದಾರ ಬಿಡಿಸಿ, ಗೆಜ್ಜೆಗಳನ್ನು ಬಿಳಿ ಬಟ್ಟೆಯ ಮೇಲೆ ಹರವಿ. ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿ. ಒಳಗಿನ ಗುಂಡು ಸರಿಯಿದ್ದರೆ ನಾದ ಒಂದು ಕ್ಷಣ ನಿಂತು ಹೋಗುತ್ತದೆ, ಬಿರುಕಿದ್ದರೆ ತಗಡು ಬಡಿದಂತೆ ಕೇಳುತ್ತದೆ. ಬಾಯಿ ಅಗಲವಾದದ್ದನ್ನೂ ಅಂಚು ಚೂಪಾದದ್ದನ್ನೂ ತೆಗೆದುಬಿಡಿ, ಎಳೆ ಚರ್ಮವನ್ನು ಕೊಯ್ಯುತ್ತವೆ. ಉಳಿದವನ್ನು ಹುಣಸೆಹಣ್ಣು ಕಿವುಚಿದ ನೀರಿಗೆ ಚೂರು ಉಪ್ಪು ಹಾಕಿ ತಿಕ್ಕಿ, ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಡಿ. ಒಳಗೆ ನೀರು ನಿಂತು ಗುಂಡಿಗೆ ತುಕ್ಕು ಹಿಡಿದರೆ ದನಿ ಮಂಕಾಗುತ್ತದೆ.

ಪೋಣಿಸುವಾಗ ದಪ್ಪ ಹತ್ತಿ ದಾರ, ಗೆಜ್ಜೆ ಗೆಜ್ಜೆಗೂ ನಡುವೆ ಒಂದು ಗಂಟು. ಆ ಗಂಟಿನ ಬೆಲೆ ನಾನು ಕಲಿತದ್ದು ತಡವಾಗಿ. ಒಂದು ಸಂಜೆ ಕುಣಿತ ಏರುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯ ದಾರ ಹರಿದು ಗೆಜ್ಜೆಗಳು ವೇದಿಕೆಯ ತುಂಬ ಉರುಳಿದವು. ಹಿಂದಿನವಳು ಒಂದರ ಮೇಲೆ ಕಾಲಿಟ್ಟಳು, ಹಿಮ್ಮಡಿ ಸೀಳಿತು. ದಾರ ಹಳೆಯದೆಂದು ಗೊತ್ತಿದ್ದೂ ಬದಲಿಸದೆ ಬಿಟ್ಟವಳು ನಾನೇ. ನಡುವೆ ಗಂಟಿದ್ದಿದ್ದರೆ ಒಂದು ಬೀಳುತ್ತಿತ್ತು, ಉಳಿದವು ನಿಲ್ಲುತ್ತಿದ್ದವು.

5. ಎತ್ತಿನ ಗೆಜ್ಜೆ ಮಕ್ಕಳಿಗೆ ಬೇಡ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಗೆಜ್ಜೆಸರಗಳು ಗೂಟಕ್ಕೆ ಜೋತುಬಿದ್ದಿವೆ, “ಇವನ್ನೇ ಒಯ್ರಿ” ಎಂದು ರೈತರು ಪ್ರೀತಿಯಿಂದ ಕೊಡುತ್ತಾರೆ. ತೆಗೆದುಕೊಳ್ಳಿ. ಕಾಲಿಗೆ ಅವು ಭಾರ, ಕೈಯಲ್ಲಿ ಹಿಡಿದು ತಾಳ ಹಾಕುವವರಿಗೆ ಚೆನ್ನ.

6. ಫರಸಿಯ ಮೇಲೆ ಕುಣಿಸಬೇಡಿ. ತಾಂಡೂರಿನ ನೀಲಿ, ಹಳದಿ ಕಲ್ಲು ದೇಶಕ್ಕೆಲ್ಲ ಹೋಗುತ್ತದೆ, ನಮ್ಮ ಕಡೆಯ ಸಮುದಾಯ ಭವನ, ಗುಡಿಯ ಅಂಗಳಗಳಿಗೂ ಅದೇ ಹಾಸು. ಕೂಡಲು ತಂಪು, ಆದರೆ ಬರಿಗಾಲಲ್ಲಿ ಅದರ ಮೇಲೆ ದಿನವೂ ತಟ್ಟಡವು ಹಾಕಿದರೆ ಪೆಟ್ಟು ನೇರವಾಗಿ ಹಿಮ್ಮಡಿಗೆ, ಮಂಡಿಗೆ ಏರುತ್ತದೆ. ಬ್ಯಾಲೆಯವರು ಕೆಳಗೆ ಸ್ವಲ್ಪ ಪುಟಿಯುವಂತೆ ಮರದ ನೆಲ ಕಟ್ಟಿಸುವುದು ಇದಕ್ಕೇ. ನಮಗೆ ಸಗಣಿ ಸಾರಿಸಿದ ಮಣ್ಣಿನ ಅಂಗಳವಿದೆ, ಅದಕ್ಕಿಂತ ಒಳ್ಳೆಯ ನೆಲ ಹುಡುಕಬೇಕಿಲ್ಲ. ಕಲ್ಲೇ ಗತಿಯಾದರೆ ಎರಡು ಮಡಿಕೆ ಜಮಖಾನೆ ಹಾಸಿ ಅಂಚನ್ನು ಬಿಗಿ ಮಾಡಿ. ಹೊತ್ತು ಬೆಳಗಿನ ಆರರಿಂದ ಎಂಟು, ಇಲ್ಲವೆ ಬಿಸಿಲು ಇಳಿದ ಮೇಲೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಉಪ್ಪು ಹಾಕಿದ ಮಜ್ಜಿಗೆ ಕೈಯಳತೆಯಲ್ಲಿರಲಿ.

7. ಮೊದಲ ವಾರ ಗೆಜ್ಜೆ ಇಲ್ಲದೆ. ಗೆಜ್ಜೆಯ ಸದ್ದು ಹೆಜ್ಜೆಯ ತಪ್ಪನ್ನು ಮುಚ್ಚಿಬಿಡುತ್ತದೆ. ಬರಿ ಪಾದದ ಸದ್ದು ಹಲಗಿಯ ಪೆಟ್ಟಿಗೆ ಕೂಡಿದ ಮೇಲೆ ಕಟ್ಟಿ. ಚಿಕ್ಕ ಮಕ್ಕಳಿಗೆ ಕಾಲಿಗೆ 25 ಸಾಕು, ನೂರು ಕಟ್ಟುವ ಆಸೆ ಬೇಡ. ಕೆಳಗೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿದರೆ ಬೆವರಿಗೆ ಕಜ್ಜಿಯಾಗದು.

8. ಮಾತು ಬಾಯಿಗೆ ಬಂದ ಮೇಲೆ ಹೆಜ್ಜೆ. ಇಲ್ಲಿನ ಬಹಳ ಮಕ್ಕಳು ಓದುವುದು ತೆಲುಗಿನಲ್ಲಿ, ಆಡುವುದು ಕನ್ನಡದಲ್ಲಿ. ವಚನಕ್ಕೆ ಕುಣಿಸುವುದಾದರೆ ಮೊದಲು ಅದನ್ನು ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಿರಿ. ದಿನಕ್ಕೆ ಎರಡು ಸಾಲು ಓದಿಸಿ, ಅರ್ಥವನ್ನು ಅವರ ಮನೆಮಾತಿನಲ್ಲೇ ಹೇಳಿಸಿ. ಬಸವಣ್ಣನವರ ಕಲ್ಯಾಣ ಇಲ್ಲಿಂದ ದೂರವೇನಲ್ಲ, ಅವರ ಕನ್ನಡ ಈ ಮಕ್ಕಳಿಗೆ ಪರಕೀಯವೂ ಅಲ್ಲ. ಲಿಪಿಯೊಂದೇ ಅಡ್ಡ. ಬೇಸಿಗೆ ಮುಗಿಯುವಾಗ ಹತ್ತು ಮಕ್ಕಳು ಕನ್ನಡ ಕೂಡಿಸಿ ಓದುವಂತಾದರೆ, ನನ್ನ ಮಟ್ಟಿಗೆ ಅದು ಕುಣಿತಕ್ಕಿಂತ ದೊಡ್ಡದು. ಹಾಡಿಗೆ ಹೊರಗಿನವರನ್ನು ತರಬೇಡಿ, ಊರ ಭಜನೆಯವರು ಹಾರ್ಮೋನಿಯಂ ಹಿಡಿದು ಕೂತರೆ ಆಯಿತು.

9. ಸಾಲು ಕಟ್ಟುವುದನ್ನು ಯೋಚಿಸಿ ಕಟ್ಟಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿದ ಮಾಯಾ ರಾವ್ (1928–2014) ಕಥಕ್ ಕಲಿತವರು. 1960ರ ದಶಕದ ಮೊದಲಲ್ಲಿ ಬ್ಯಾಲೆಯ ನಾಡಾದ ರಷ್ಯಾಕ್ಕೆ ಹೋಗಿ ನೃತ್ಯ ಸಂಯೋಜನೆ ಓದಿ ಬಂದು, ಅದನ್ನೇ ಕಲಿಸುವ ಶಾಲೆ ಕಟ್ಟಿದರು. ಹಲವು ಮೈಗಳನ್ನು ಒಂದು ಚಿತ್ರವಾಗಿ ನಿಲ್ಲಿಸುವುದೂ ಕಲಿಯಬೇಕಾದ ವಿದ್ಯೆ ಎಂದು ಅವರಿಂದ ತಿಳಿಯಬೇಕು. ಚೆನ್ನಾಗಿ ಕುಣಿಯುವವರನ್ನೆಲ್ಲ ಮುಂದೆ ನಿಲ್ಲಿಸಬೇಡಿ. ಹಿಂದಿನ ಸಾಲು ಮುಂದೆ ಬರುವ ಒಂದು ತಿರುವು ಇರಲಿ, ಪ್ರತಿ ತಾಯಿಗೂ ತನ್ನ ಮಗು ಕಾಣಲಿ. ತಾಂಡಾದ ಮಕ್ಕಳು ಬಂದರೆ ಅವರ ಕುಣಿತವನ್ನು ಅವರೇ ಕಲಿಸಲಿ, ನೀವು ಸಾಲಿನ ಕೊನೆಯಲ್ಲಿ ನಿಂತು ಕಲಿಯಿರಿ.

10. ಪಾಯಿಂಟ್ ಶೂ ಸಿಕ್ಕರೆ ತೋರಿಸಿ, ಹಾಕಿಸಬೇಡಿ. ಹೈದರಾಬಾದಿನಿಂದಲೋ ವಿದೇಶದ ನೆಂಟರಿಂದಲೋ ಒಂದು ಹಳೆ ಜೊತೆ ಬಂದರೆ ಮಕ್ಕಳ ಕೈಗೆ ಕೊಡಿ. ಮೂತಿಯನ್ನು ಒತ್ತಿ ನೋಡಲಿ, ಒಳಗಿನ ಅಂಟಿನ ಪದರ ಮುಟ್ಟಲಿ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಮರೀ ಟಾಗ್ಲಿಯೋನಿ ‘ಲಾ ಸಿಲ್ಫೀಡ್’ ಆಡಿದಾಗ ಬೆರಳ ತುದಿಯ ನಿಲುವಿಗೆ ಹೆಸರು ಬಂತು. ರಷ್ಯಾದಲ್ಲಿ ಅವಳ ಹಳೆ ಶೂಗಳನ್ನು ಅಭಿಮಾನಿಗಳು ಕೊಂಡು ಬೇಯಿಸಿ ತಿಂದರೆಂಬ ಕಥೆಯೂ ಇದೆ, ಹೇಳಿ, ಮಕ್ಕಳು ಕಣ್ಣರಳಿಸುತ್ತಾರೆ. ಆದರೆ ಕಾಲಿಗೆ ಮಾತ್ರ ಬೇಡ. ವರ್ಷಗಟ್ಟಲೆ ಬ್ಯಾಲೆ ಕಲಿತು ಕಾಲು ಬಲಿತವರೇ ಹೊಸ ಶೂವನ್ನು ಅಳತೆ ನೋಡಿ ಹಾಕಿಕೊಳ್ಳುತ್ತಾರೆ. ಸತ್ತ ಶೂ ಎಳೆ ಬೆರಳನ್ನು ಮುರಿಯುತ್ತದೆ.

ಕುಣಿತ ಮುಗಿದ ರಾತ್ರಿಯೇ ಗೆಜ್ಜೆಗಳನ್ನು ಒಣಬಟ್ಟೆಯಿಂದ ಒರೆಸಿ, ಜೋಡಿ ಜೋಡಿಯಾಗಿ ಬಟ್ಟೆಯ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರು ಒಳಗೇ ನಿಂತು ಹಿತ್ತಾಳೆ ಹಸಿರುಗಟ್ಟುತ್ತದೆ. ಚೀಲದ ಮೇಲೆ ಕೊಟ್ಟವರ ಹೆಸರು, ಕೆಳಗೆ ಈ ವರ್ಷ ಕಟ್ಟಿಕೊಂಡ ಮಗುವಿನ ಹೆಸರು, ಅದರ ಕೆಳಗೆ ಮುಂದಿನ ಬೇಸಿಗೆಯ ಹೆಸರಿಗೆ ಒಂದು ಗೆರೆ ಜಾಗ ಬಿಡಿ.