ಸೆಣಬಿನ ಕೊಳೆಸುವಿಕೆ: ನೀರಿನಲ್ಲಿ ನಾರು ಬಿಡುವ ಬಗೆ

ಕಟಾವಾದ ಸೆಣಬಿನ ಕಾಂಡಗಳನ್ನು ಕಂತೆ ಕಟ್ಟಿ, ನಿಧಾನವಾಗಿ ಹರಿಯುವ ನೀರಿನಲ್ಲಿ ಸಾಮಾನ್ಯವಾಗಿ 10ರಿಂದ 20 ದಿನ ಮುಳುಗಿಸಿಡುತ್ತಾರೆ. ಇದೇ ಕೊಳೆಸುವಿಕೆ. ನೀರು ಕಾಂಡವನ್ನು ಮೆದುಗೊಳಿಸುತ್ತದೆ, ಅಷ್ಟೆ. ನಿಜವಾದ ಕೆಲಸ ಸೂಕ್ಷ್ಮಜೀವಿಗಳದ್ದು. ನಾರುಗಳನ್ನು ಅಂಟಿನಂತೆ ಹಿಡಿದಿರುವ ಪೆಕ್ಟಿನ್ ಅನ್ನು ಅವುಗಳ ಕಿಣ್ವಗಳು ಒಡೆಯುತ್ತವೆ. ಸೆಲ್ಯುಲೋಸ್ ಹೆಚ್ಚಿರುವ ನಾರು ಉಳಿಯುತ್ತದೆ. ಅವಧಿ ಮೀರಿದರೆ ನಾರೇ ದುರ್ಬಲವಾಗುತ್ತದೆ. ಕಡಿಮೆಯಾದರೆ ತೊಗಟೆ ಅಂಟಿಕೊಂಡು ದರ್ಜೆ ಇಳಿಯುತ್ತದೆ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ನಾರಿನ ಮೂಲದಲ್ಲಿ: ಸೆಣಬಿನದು ಕಾಂಡದ ಫ್ಲೋಯಂ ನಾರು, ಹತ್ತಿಯದು ಬೀಜದ ಮೇಲಿನ ನಾರು, ತೆಂಗಿನದು ಕಾಯಿಯ ಸಿಪ್ಪೆಯ ನಾರು. ತೆಂಗಿನ ಸಿಪ್ಪೆಯನ್ನೂ ಕೇರಳದ ಹಿನ್ನೀರಿನಲ್ಲಿ ಕೊಳೆಸುತ್ತಾರೆ, ಆದರೆ ಅದಕ್ಕೆ ತಿಂಗಳುಗಳೇ ಬೇಕು.

ಸೆಣಬು ಉತ್ಪಾದನೆಯಲ್ಲಿ ಪಶ್ಚಿಮ ಬಂಗಾಳ ದೇಶದಲ್ಲಿ ಮೊದಲು. ಸೆಣಬಿನ ಕೇಂದ್ರೀಯ ಸಂಶೋಧನಾ ಸಂಸ್ಥೆ ಬ್ಯಾರಕ್‌ಪುರದಲ್ಲಿದೆ. ತೆಂಗಿನ ನಾರು ಮಂಡಳಿಯ ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ.