ಥ್ಯಾಕರೆ ಸಾಹೇಬನ ಕೈಗೆ ಜಾಲಿ ಪೈಪು

ಬೈಲಹೊಂಗಲ ಸೀಮೆಯ ಊರುಗಳಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ನಾಟಕ ಆಡುತ್ತಲೇ ಇರುತ್ತಾರೆ. ಕೆಲ ವರ್ಷಗಳ ಹಿಂದೆ ನಮ್ಮೂರ ತಂಡದವರು ಅದರಲ್ಲಿ ಬರುವ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸಾಹೇಬನ ಪಾತ್ರಕ್ಕೆ ನಿಜವಾಗಿ ಹೊಗೆ ಬರುವ ಪೈಪು ಬೇಕೆಂದು ನನ್ನಲ್ಲಿಗೆ ಬಂದರು. ಕೂರಿಗೆ, ಬಾಗಿಲು ಮಾಡುವ ಬಡಿಗ ನಾನು. ಇಲ್ಲಿಯವರೆಗೆ ಹನ್ನೊಂದು ಪೈಪು ಮಾಡಿದ್ದೇನೆ. ಅವು ಕಲಿಸಿದ್ದು ಇಷ್ಟು.

1. ಕಟ್ಟಿಗೆ ಹಿಂದೆ ಏನಾಗಿತ್ತು ಎಂದು ಕೇಳಿ ತಿಳಿಯಬೇಕು. ಯುರೋಪಿನವರು ಪೈಪಿಗೆ ಬ್ರಾಯರ್ ಎಂಬ ಪೊದೆಯ ಬೇರುಗಂಟು ಬಳಸುತ್ತಾರೆ. ಅದು ಬೆಂಕಿಯ ಕಾವು ತಡೆಯುತ್ತದೆ. ನಮ್ಮ ಎರೆಹೊಲದ ಬದುವಿನಲ್ಲಿ ಇರುವುದು ಕರಿಜಾಲಿ. ಟಯರಿನ ಚಕ್ಕಡಿ ಬಂದ ಮೇಲೆ ಹಳೆಯ ಗಾಲಿಗಳು ಹಿತ್ತಿಲು ಸೇರಿದವು. ಅವುಗಳ ನಡುವಿನ ಜಾಲಿ ಗುಂಬ ಕಲ್ಲಿನ ಹಾಗೆ ಗಟ್ಟಿ. ಅದರಿಂದಲೇ ಮೊದಲ ಪೈಪು ಕೆತ್ತಿದೆ. ತಾಲೀಮಿನಲ್ಲಿ ಕೆಂಡ ಹಾಕಿದ ಕೂಡಲೇ ಪಾತ್ರದ ಹುಡುಗ ಕೆಮ್ಮಿ, "ಬಡಿಗೇರ ಕಾಕಾ, ಇದು ಚಕ್ಕಡಿ ವಾಸನಿ ಹೊಡ್ಯಾಕತ್ತೈತ್ರಿ" ಎಂದ. ಅಚ್ಚಿನ ಪಕ್ಕದ ತುಂಡದು, ಎಷ್ಟೋ ವರ್ಷದ ಕೀಲೆಣ್ಣೆ ಕುಡಿದಿತ್ತು. ಈಗ ಗುಂಬದ ಹೊರಮೈ ಕಡೆಯ ತುಂಡನ್ನಷ್ಟೇ ತೆಗೆಯುತ್ತೇನೆ, ಸಿಪ್ಪೆ ಹೆರೆದು ಸುಟ್ಟು ಮೂಸಿ ನೋಡುತ್ತೇನೆ.

2. ಕಣಗಿಲ, ಕಾಸರಕ ಎಷ್ಟೇ ಚಂದ ಕಂಡರೂ ಮುಟ್ಟಬಾರದು. ಎರಡೂ ವಿಷ.

3. ಜಾಲಿಯಲ್ಲಿ ಒಗರು ಬಹಳ. ಅದರ ತೊಗಟೆಯಿಂದಲೇ ಚರ್ಮ ಹದ ಮಾಡುತ್ತಿದ್ದರು. ತುಂಡನ್ನು ಹಳೆಯ ಪಾತ್ರೆಯಲ್ಲಿ ಕುದಿಸುತ್ತೇನೆ. ನೀರು ಕೆಂಪಗಾದಾಗೆಲ್ಲ ಚೆಲ್ಲಿ ಹೊಸದು ಹಾಕಬೇಕು. ಆಮೇಲೆ ಬಿಸಿಲಿಗಿಟ್ಟರೆ ಸೀಳುತ್ತದೆ. ಜೋಳದ ಹೊಟ್ಟಿನ ಚೀಲದಲ್ಲಿ ಹುಗಿದಿಟ್ಟು ತಿಂಗಳುಗಟ್ಟಲೆ ಮರೆತುಬಿಡುತ್ತೇನೆ.

4. ಮೊದಲು ತೂತು, ಆಮೇಲೆ ಆಕಾರ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೊರಮೈ ನುಣುಪು ಮಾಡಿಕೊಂಡು ಆಮೇಲೆ ಬೈರಿಗೆ ಹಿಡಿದರೆ ಕೈ ಎಲ್ಲಿ ವಾಲಿತೋ ತಿಳಿಯುವುದಿಲ್ಲ. ಐದು ಪೈಪು ಹೀಗೇ ಕಳೆದುಕೊಂಡೆ. ತುಂಡು ಇನ್ನೂ ಚೌಕವಾಗಿರುವಾಗ ಪಕ್ಕದ ಮೈಮೇಲೆ ಪೆನ್ಸಿಲಿನಿಂದ ಎರಡೂ ತೂತಿನ ದಾರಿ ಗೀಚಿಕೊಳ್ಳಬೇಕು. ಕೆಂಡದ ಗುಳಿ 20 ಮಿಲಿಮೀಟರ್ ಅಗಲ, ಗಾಳಿಯ ತೂತು 4 ಮಿಲಿಮೀಟರ್. ಗಾಳಿಯ ತೂತು ಗುಳಿಯ ತಳಕ್ಕೇ ನೇರ ನಡುವಿಗೆ ಬಂದು ಕೂಡಬೇಕು. ಮೇಲೆ ಬಂದರೆ ತಳದ ಕೆಂಡ ಆರುತ್ತದೆ, ಕೆಳಗೆ ಹೋದರೆ ಗೋಡೆ ಸೀಳುತ್ತದೆ. ಗುಳಿಯೊಳಗೆ ಟಾರ್ಚ್ ಬಿಟ್ಟು ಇತ್ತ ತೂತಿನಿಂದ ಇಣುಕಿದಾಗ ದುಂಡನೆಯ ಬೆಳಕು ಕಂಡರೆ ಆ ದಿನದ ಕೆಲಸ ಗೆದ್ದಂತೆ. ಸುತ್ತಲೂ ಕನಿಷ್ಠ 7 ಮಿಲಿಮೀಟರ್ ಗೋಡೆ ಉಳಿಸಿ ಆಮೇಲೆ ಅರ ಹಿಡಿಯುವುದು.

5. ನಾವು ಸಿನಿಮಾದಲ್ಲಿ ನೋಡುವ ಡೊಂಕು ಬ್ರಾಯರ್ ಪೈಪು ರೂಢಿಗೆ ಬಂದದ್ದು 1850ರ ದಶಕದ ಮೇಲೆ. ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಆಗ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಸೇದುತ್ತಿದ್ದದ್ದು ಉದ್ದ ಕೊಳವೆಯ ಬಿಳಿಮಣ್ಣಿನ ಪೈಪು. ಅದಕ್ಕೇ ಗುಳಿ ಸಣ್ಣದು ಮಾಡಿ, ಗೇಣುದ್ದದ ಬಿದಿರು ಕೂಡಿಸುತ್ತೇನೆ. ಬಿದಿರಿನ ಗೆಣ್ಣನ್ನು ಕಾಯಿಸಿದ ಸೈಕಲ್ ಕಡ್ಡಿಯಿಂದ ಸುಟ್ಟು ತೂತು ಮಾಡಬೇಕು. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎನ್ನುವವರಿದ್ದಾರೆ. ನನಗೆ ತಿಳಿದಿದೆ, ಸಾಕು. ಚೆನ್ನಮ್ಮನ ಕಥೆಯಲ್ಲಿ ಸುಳ್ಳು ಸಾಮಾನು ಇಡಲು ಮನಸ್ಸು ಬರುವುದಿಲ್ಲ.

6. ಇದ್ದಿಲ ಪುಡಿಯನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ ಗುಳಿಯೊಳಗೆ ಬಳಿದು ಒಣಗಿಸಿದರೆ ಹೊಸ ಕಟ್ಟಿಗೆ ಸುಡುವುದಿಲ್ಲ. ಹೊರಗೆ ವಾರ್ನಿಶ್ ಬೇಡ, ಕಾವಿಗೆ ಗುಳ್ಳೆ ಏಳುತ್ತದೆ. ಜೇನುಮೇಣ ತಿಕ್ಕಿದರೆ ಜಾಲಿಯ ಕೆಂಪು ತಾನಾಗಿ ಎದ್ದು ಬರುತ್ತದೆ.

7. ತಂಬಾಕು ಸೇದಲು ಬೇಕೆಂದವರಿಗೆ ಮಾಡಿಕೊಡುವುದಿಲ್ಲ. ನಮ್ಮ ದೊಡ್ಡಪ್ಪನ ಕೊನೆಯ ದಿನಗಳ ಉಸಿರಾಟ ನಾನು ಕೇಳಿದ್ದೇನೆ. ನಾಟಕದ ಪೈಪಿಗೆ ಬೆರಳುಗುರಿನಷ್ಟು ಕೆಂಡ, ಮೇಲೆ ಚಿಟಿಕೆ ಲೋಬಾನ. ಪಾತ್ರಧಾರಿಗೆ ಹೇಳುವುದು ಒಂದೇ ಮಾತು: ಎಳೆಯಬೇಡ, ಊದು.

8. ಗುಂಡು ತಗಲಿದಾಗ ಥ್ಯಾಕರೆ ಬೀಳಲೇಬೇಕು, ಪೈಪು ಕೈಜಾರಲೇಬೇಕು. ಜಾಲಿ ಒಡೆಯುವುದಿಲ್ಲ. ಆದರೆ ಒಂದು ವರ್ಷ ಕೆಂಡ ಉರುಳಿ ಚೆನ್ನಮ್ಮನ ಪಾತ್ರದ ಹುಡುಗಿಯ ಸೀರೆಯಂಚಿನ ಹತ್ತಿರ ಬಿತ್ತು. ಹಾರ್ಮೋನಿಯಂ ಮಾಸ್ತರರು ಚರಿಗೆ ನೀರು ಸುರಿದರು. ಆಮೇಲೆ ಗುಳಿಗೆ ತಾಮ್ರದ ಜಾಳಿಗೆಯ ಮುಚ್ಚಳ ಮಾಡಿ, ಸರಿಗೆಯಿಂದ ಬಿಗಿಯುತ್ತಿದ್ದೇನೆ. ತಂಡದವರ ಕೈಗೆ ಕೊಡುವ ಮೊದಲು ಎದೆಯೆತ್ತರದಿಂದ ಹತ್ತು ಸಲ ಕೆಳಗೆ ಬಿಟ್ಟು ನೋಡುತ್ತೇನೆ, ಒಳಗೆ ಕೆಂಡ ಹಾಕಿಯೇ.