ನೋವು ದವಡೆ ಕೀಲಿನದು, ಶಿಕ್ಷೆ ಹಲ್ಲಿಗೆ

ಪಾವಗಡದ ಕಡೆ ದವಡೆ ನೋವೆಂದರೆ ಮೊದಲ ಅನುಮಾನ ಹಲ್ಲಿನ ಮೇಲೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಕಂದು ಕಲೆ ಬಿದ್ದ ಹಲ್ಲು ಎದುರಿಗೇ ಕಾಣುತ್ತದಲ್ಲ! ‘ಕಿತ್ತುಬಿಡಿ ಡಾಕ್ಟ್ರೇ’ ಎನ್ನುವವರು ಮಧುಗಿರಿ, ಶಿರಾದಲ್ಲೂ ಇದ್ದಾರೆ. ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ.

ಕಿವಿಯ ಮುಂದೆ, ಕೆಳದವಡೆ ತಲೆಬುರುಡೆಗೆ ಸೇರುವಲ್ಲಿ ಕೀಲಿದೆ. ನಡುವೆ ಮೆತ್ತನೆಯ ಬಿಲ್ಲೆ. ಅದು ಜಾರಿದರೂ ಸುತ್ತಲ ಸ್ನಾಯು ಬಿಗಿದರೂ ಕಿವಿ, ಕೆನ್ನೆ, ಕಣತಲೆ ನೋಯಬಹುದು.

ಕೀಳಿಸುವ ಮುನ್ನ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಒತ್ತಿದಲ್ಲೇ ನೋವಿದ್ದರೆ, ದವಡೆ ಒಂದು ಪಕ್ಕಕ್ಕೆ ವಾಲಿದರೆ ಕೀಲನ್ನು ಅನುಮಾನಿಸಿ. ತಣ್ಣೀರಿಗೆ ಜುಮ್ಮೆಂದರೆ, ಒಂದೇ ಹಲ್ಲು ತಟ್ಟಿದಾಗ ನೊಂದರೆ ಹಲ್ಲಿನದೇ ತಂಟೆ ಇರಬಹುದು. ಫ್ಲೋರೈಡ್ ಕಲೆ ಮಾತ್ರ ಹಲ್ಲು ಕೀಳಿಸಲು ಕಾರಣವಲ್ಲ. ಕಿತ್ತ ಮೇಲೆ ಒಂದೇ ಪಕ್ಕದಲ್ಲಿ ಅಗಿಯುವ ಅಭ್ಯಾಸ ಬೇರೆ ಅಂಟಿಕೊಳ್ಳುತ್ತದೆ. ನೋವಿಲ್ಲದ ಬರೀ ‘ಕಟಕ್’ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಅಡಿಕೆ, ಗುಟ್ಕಾ ಹಾಕುವವರ ಮಾತು ಬೇರೆ. ಮೂರು ಬೆರಳು ನಿಲ್ಲಿಸಿ ಇಡುವಷ್ಟು ಬಾಯಿ ತೆರೆಯದೆ, ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗಿದ್ದರೆ ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಕಾಯಿಲೆ. ಮನೆಮದ್ದು ಮಾಡುತ್ತಾ ಕೂರಬೇಡಿ.

ದವಡೆ ಕೀಲಿನ ನೋವಿಗೆ ಆರೈಕೆ ಸುಲಭ. ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ‘ನ’ ಎನ್ನುವ ಜಾಗದಲ್ಲಿರಲಿ. ಮೊಬೈಲ್ ನೋಡುವಾಗ, ಗಾಡಿ ಓಡಿಸುವಾಗ ಹಲ್ಲು ಕಚ್ಚಿಕೊಂಡಿದ್ದೀರಾ ಎಂದು ಗಮನಿಸಿ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಶಾಖ ಕೊಡಿ. ಹುರಿದ ಕಡಲೆಕಾಯಿ, ಕಬ್ಬು, ನಿಪ್ಪಟ್ಟು ಕೆಲವು ವಾರ ಬೇಡ. ಪಥ್ಯಕ್ಕೆ ಈ ಸೀಮೆಯವರು ಪುಣ್ಯವಂತರು: ಮುದ್ದೆ ಅಗಿಯುವ ಊಟವಲ್ಲ, ನುಂಗುವ ಊಟ. ತುತ್ತು ಚಿಕ್ಕದಿರಲಿ. ಆಕಳಿಸುವಾಗ ಗಲ್ಲಕ್ಕೆ ಕೈ ಕೊಡಿ.

ಮೂರು ತಿಂಗಳು ದಾಟಿದ ನೋವಿಗೆ 2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ತಜ್ಞರ ಕೈಕೆಳಗಿನ ದವಡೆ ವ್ಯಾಯಾಮ ಮತ್ತು ಮನೋಚಿಕಿತ್ಸೆಯ ಪರವಾಗಿದೆ. ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಕಾಣಿ. ಮುಂದಕ್ಕೆ ತುಮಕೂರಿನ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆ; ಕೊರಟಗೆರೆಯವರಿಗೆ ಅದು ಹತ್ತಿರ, ಪಾವಗಡದವರಿಗೆ ದೂರ.

ತೆರೆದ ಬಾಯಿ ಮುಚ್ಚದಿದ್ದರೆ ನೀವೇ ತಳ್ಳದೆ ಆಸ್ಪತ್ರೆಗೆ ಹೋಗಿ. ದವಡೆ ನೋವಿನ ಜೊತೆ ಎದೆ ಒತ್ತಿ ಬೆವರು ಬಂದರೆ 108ಕ್ಕೆ ಕರೆ ಮಾಡಿ.